ಕಿಟ್ ಜೀನು ಕೆಟ್ಟರೆ ಗಡ್ಡೆ ಬೆಳೆಯುವುದು ಹೇಗೆ, ಮಾತ್ರೆ ಅದನ್ನು ತಡೆಯುವುದು ಎಲ್ಲಿ?

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ. ಜಠರದಲ್ಲಿ ಗಡ್ಡೆ ಇದೆ, ಲಿವರ್‌ಗೂ ಹರಡಿದೆ ಎಂದು ಗೊತ್ತಾಯಿತು. ರಿಪೋರ್ಟಿನಲ್ಲಿ ‘ಜಿಸ್ಟ್, ಕಿಟ್ ಎಕ್ಸಾನ್ 11 ಡಿಲೀಷನ್’ ಎಂದು ಬರೆದಿದ್ದಾರೆ. ಕೀಮೋ ಕೊಟ್ಟಿಲ್ಲ. ದಿನಕ್ಕೊಂದು ಇಮ್ಯಾಟಿನಿಬ್ 400 ಮಿ.ಗ್ರಾಂ. ಮಾತ್ರೆ, ಅಷ್ಟೇ. ಮೂರು ತಿಂಗಳ ನಂತರ ಸ್ಕ್ಯಾನ್ ಮಾಡಿಸಿದೆವು. ಗಡ್ಡೆ ಚಿಕ್ಕದಾಗಿಲ್ಲ. ಲಿವರ್‌ನಲ್ಲಿರುವ ಒಂದು ಗಡ್ಡೆ ಸ್ವಲ್ಪ ದೊಡ್ಡದೇ ಆಗಿದೆ. ಮಾತ್ರೆ ನಿಲ್ಲಿಸಿ ಬೇರೆ ಔಷಧಿ ನೋಡೋಣ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ಒಂದೇ ಒಂದು ಜೀನು ಇಷ್ಟು ದೊಡ್ಡ ಗಡ್ಡೆ ಬೆಳೆಸುತ್ತದಾ? ಮಾತ್ರೆ ಕೆಲಸ ಮಾಡುತ್ತಿಲ್ಲವಾ? ಮಕ್ಕಳಾದ ನಮಗೂ ಇದು ಬರುತ್ತದಾ?

ಉತ್ತರ: ಮೊದಲು ಒಂದು ಮಾತು. ಮಾತ್ರೆ ನಿಲ್ಲಿಸಬೇಡಿ. ಸ್ಕ್ಯಾನ್‌ನಲ್ಲಿ ಗಡ್ಡೆ ಚಿಕ್ಕದಾಗಿಲ್ಲ ಎಂದ ಮಾತ್ರಕ್ಕೆ ಔಷಧಿ ಸೋತಿದೆ ಎಂದಲ್ಲ. ಈ ಕಾಯಿಲೆಯಲ್ಲಿ ಅಳತೆಯೊಂದನ್ನೇ ನೋಡಿದರೆ ದಾರಿ ತಪ್ಪುತ್ತದೆ. ಯಾಕೆ ಎಂದು ತಿಳಿಯಬೇಕಾದರೆ ಗಡ್ಡೆಯೊಳಗೆ ಏನು ನಡೆಯುತ್ತಿದೆ ಎಂದು ಗೊತ್ತಿರಬೇಕು. ಅದಕ್ಕೇ ನಿಮ್ಮ ಮೊದಲ ಪ್ರಶ್ನೆಗೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ.

ಜಿಸ್ಟ್ ಜಠರದಲ್ಲಿ ಬಂದರೂ ಅದು ನಾವು ಸಾಮಾನ್ಯವಾಗಿ ಹೇಳುವ ‘ಹೊಟ್ಟೆ ಕ್ಯಾನ್ಸರ್’ ಅಲ್ಲ. ಆ ಕ್ಯಾನ್ಸರ್ ಜಠರದ ಒಳಪದರದಲ್ಲಿ ಹುಟ್ಟುತ್ತದೆ. ಜಿಸ್ಟ್ ಹುಟ್ಟುವುದು ಅದರ ಹಿಂದೆ, ಗೋಡೆಯ ಸ್ನಾಯುಗಳ ನಡುವೆ. ಸ್ನಾಯು, ಕೊಬ್ಬು, ನರ, ರಕ್ತನಾಳ ಇಂಥ ಮೆದು ಅಂಗಾಂಶಗಳಲ್ಲಿ ಬರುವ ಕ್ಯಾನ್ಸರ್‌ಗಳನ್ನು ಸಾರ್ಕೋಮಾ ಎನ್ನುತ್ತೇವೆ. ಜಿಸ್ಟ್ ಆ ಗುಂಪಿಗೆ ಸೇರಿದ್ದು. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ 10ರಿಂದ 15 ಜನರಿಗೆ ಬರುತ್ತದೆ. ಅರ್ಧಕ್ಕಿಂತ ಹೆಚ್ಚು ಜಠರದಲ್ಲಿ, ಸುಮಾರು ಮೂರನೇ ಒಂದು ಭಾಗ ಸಣ್ಣ ಕರುಳಿನಲ್ಲಿ.

ಇದರ ಮೂಲ ಒಂದು ವಿಶೇಷ ಜೀವಕೋಶ. ನಮ್ಮ ಜಠರ ನಿಮಿಷಕ್ಕೆ ಸುಮಾರು ಮೂರು ಸಲ ಅಲೆಯ ಹಾಗೆ ಹಿಂಡುತ್ತದೆ. ಸಣ್ಣ ಕರುಳಿನ ಶುರುವಿನ ಭಾಗದಲ್ಲಿ ಆ ಲೆಕ್ಕ ಹನ್ನೆರಡರ ಹತ್ತಿರ. ಈ ತಾಳ ಹಾಕುವುದು ಸ್ನಾಯುವಲ್ಲ. ಸ್ನಾಯುಗಳ ಮಧ್ಯೆ ಬಲೆಯ ಹಾಗೆ ಹರಡಿರುವ ಕಾಹಾಲ್ ಕೋಶಗಳು. ಸ್ಪೇನ್ ದೇಶದ ವಿಜ್ಞಾನಿ ಸಾಂಟಿಯಾಗೊ ರಾಮೋನ್ ಇ ಕಾಹಾಲ್ ಅವುಗಳನ್ನು 19ನೇ ಶತಮಾನದ ಕೊನೆಯಲ್ಲೇ ಗುರುತಿಸಿದ್ದರು. ನಿಮ್ಮ ತಂದೆಯ ಗಡ್ಡೆ ಈ ಕೋಶಗಳಲ್ಲಿ ಒಂದರಿಂದ, ಅಥವಾ ಅವುಗಳಾಗಿ ಬೆಳೆಯಬೇಕಿದ್ದ ಎಳೆಯ ಕೋಶದಿಂದ ಶುರುವಾಗಿದೆ.

ಈ ಕೋಶಗಳು ಬದುಕಿರಬೇಕಾದರೆ ಅವುಗಳಿಗೆ ಕಿಟ್ ಎಂಬ ಪ್ರೋಟೀನ್ ಬೇಕೇ ಬೇಕು. ಅದನ್ನು ತಯಾರಿಸುವ ಜೀನಿನ ಹೆಸರೂ ಕಿಟ್. ಅದು 4ನೇ ಕ್ರೋಮೋಸೋಮಿನಲ್ಲಿದೆ. ಈ ಜೀನಿನ ಸುಳಿವು ವಿಜ್ಞಾನಕ್ಕೆ ಮೊದಲು ಸಿಕ್ಕಿದ್ದೂ ಒಂದು ಸಾರ್ಕೋಮಾದಿಂದಲೇ. 1986ರಲ್ಲಿ ಬೆಕ್ಕುಗಳಿಗೆ ಸಾರ್ಕೋಮಾ ತರುವ ಒಂದು ವೈರಸ್ಸಿನಲ್ಲಿ ಇದರ ಒಂದು ರೂಪ ಕಂಡಿತು. ಮರುವರ್ಷ ಮನುಷ್ಯರ ಕಿಟ್ ಜೀನು ಪತ್ತೆಯಾಯಿತು.

ಕಿಟ್ ಪ್ರೋಟೀನು ಕೋಶದ ಪೊರೆಗೆ ಅಡ್ಡಲಾಗಿ ನಿಂತಿರುತ್ತದೆ. ತಲೆ ಹೊರಗೆ, ಬಾಲ ಒಳಗೆ. ಹೊರಗಿನಿಂದ ಸ್ಟೆಮ್ ಸೆಲ್ ಫ್ಯಾಕ್ಟರ್ ಎಂಬ ಇನ್ನೊಂದು ಪ್ರೋಟೀನು ಬಂದು ಅದರ ತಲೆಗೆ ಅಂಟುತ್ತದೆ. ಆಗ ಪಕ್ಕದಲ್ಲಿರುವ ಎರಡು ಕಿಟ್‌ಗಳು ಹತ್ತಿರ ಬಂದು ಜೋಡಿಯಾಗುತ್ತವೆ. ಜೋಡಿಯಾದ ತಕ್ಷಣ ಒಳಗಿನ ಬಾಲಗಳು ಎಚ್ಚರಗೊಳ್ಳುತ್ತವೆ. ಕೋಶದಲ್ಲಿ ಶಕ್ತಿಗೆ ಬಳಕೆಯಾಗುವ ಎಟಿಪಿ ಅಣುವಿನಿಂದ ಒಂದು ಫಾಸ್ಫೇಟ್ ಕಿತ್ತು ಒಂದು ಇನ್ನೊಂದರ ಬಾಲಕ್ಕೆ ಅಂಟಿಸುತ್ತವೆ. ಈ ಫಾಸ್ಫೇಟ್ ಅಂಟಿದ ಜಾಗಗಳೇ ಸಂಕೇತ. ಒಳಗಿನ ಬೇರೆ ಪ್ರೋಟೀನುಗಳು ಅದನ್ನು ಗುರುತಿಸಿ ಬಂದು ಕೂರುತ್ತವೆ. ಸುದ್ದಿ ಒಂದರಿಂದ ಒಂದಕ್ಕೆ ದಾಟುತ್ತಾ ಕೋಶಕೇಂದ್ರದವರೆಗೆ ಹೋಗುತ್ತದೆ. ಅಲ್ಲಿ ಬದುಕು, ಬೆಳೆ, ಇಬ್ಭಾಗವಾಗು ಎಂಬ ಆದೇಶಗಳು ಹೊರಡುತ್ತವೆ. ಹೊರಗಿನ ಪ್ರೋಟೀನು ಹೋದ ಮೇಲೆ ಎಲ್ಲ ಮತ್ತೆ ತಣ್ಣಗಾಗುತ್ತದೆ. ಆರೋಗ್ಯವಂತ ಕೋಶದಲ್ಲಿ ಇದು ದಿನವೂ ನಡೆಯುವ ಕೆಲಸ.

ಇನ್ನು ನಿಮ್ಮ ರಿಪೋರ್ಟಿನ ‘ಎಕ್ಸಾನ್ 11’ ವಿಷಯ. ಜೀನಿನಲ್ಲಿ ಪ್ರೋಟೀನಿಗೆ ಬೇಕಾದ ಮಾಹಿತಿ ತುಂಡು ತುಂಡಾಗಿ ಬರೆದಿರುತ್ತದೆ. ಒಂದೊಂದು ತುಂಡೂ ಒಂದೊಂದು ಎಕ್ಸಾನ್. ಕಿಟ್ ಜೀನಿನ 11ನೇ ತುಂಡಿನಲ್ಲಿ ಬರೆದಿರುವುದು ಪೊರೆಯ ಒಳಗಡೆ ತಕ್ಷಣ ಸಿಗುವ ಒಂದು ಚಿಕ್ಕ ಭಾಗ. ಅದರ ಕೆಲಸ ಬ್ರೇಕ್ ಹಾಕುವುದು. ಕಿಟ್ ಸುಮ್ಮನಿರಬೇಕಾದ ಹೊತ್ತಿನಲ್ಲಿ ಈ ಭಾಗ ಮಡಚಿಕೊಂಡು, ಫಾಸ್ಫೇಟ್ ಅಂಟಿಸುವ ಯಂತ್ರದ ಎರಡು ಹಾಲೆಗಳ ಸಂದಿಯಲ್ಲಿ ತೂರಿ ಕೂತಿರುತ್ತದೆ. ಯಂತ್ರ ತೆರೆದುಕೊಳ್ಳಲು ಬಿಡುವುದಿಲ್ಲ. ಡಿಲೀಷನ್ ಎಂದರೆ ಆ ಭಾಗದಲ್ಲಿ ಪ್ರೋಟೀನನ್ನು ಕಟ್ಟುವ ಕೆಲವು ಅಮೈನೋ ಆಮ್ಲಗಳೇ ಇಲ್ಲ ಎಂದರ್ಥ. ಇಡೀ ಪ್ರೋಟೀನಿನಲ್ಲಿ 976 ಅಮೈನೋ ಆಮ್ಲಗಳಿವೆ. ಅದರಲ್ಲಿ 557 ಮತ್ತು 558ನೇ ಜಾಗದ ಎರಡೇ ಎರಡು ಹೋದರೂ ಸಾಕು, ಬ್ರೇಕ್ ಹಿಡಿಯುವುದಿಲ್ಲ. ಜಿಸ್ಟ್‌ನಲ್ಲಿ ತುಂಬಾ ಸಲ ಕಾಣುವ ದೋಷವೂ ಇದೇ ಜಾಗದ್ದು.

ಹಳ್ಳಿ ಕಡೆಯವರಿಗೆ ಬೋರ್‌ವೆಲ್ ಪಂಪ್‌ಸೆಟ್ ಗೊತ್ತಲ್ವಾ? ಸ್ಟಾರ್ಟರನ್ನು ಆಟೋದಲ್ಲಿ ಬಿಟ್ಟರೆ ಯಾರೂ ಗುಂಡಿ ಒತ್ತಬೇಕಿಲ್ಲ. ಕರೆಂಟ್ ಬಂದರೆ ಸಾಕು, ಮೋಟಾರು ತಾನೇ ಓಡುತ್ತದೆ. ಗದ್ದೆ ತುಂಬಿ ಹರಿದರೂ ನಿಲ್ಲುವುದಿಲ್ಲ. ಎಕ್ಸಾನ್ 11 ಕೆಟ್ಟ ಕಿಟ್ ಹಾಗೇ. ಹೊರಗಿನಿಂದ ಯಾವ ಪ್ರೋಟೀನೂ ಬಂದು ಅಂಟಬೇಕಿಲ್ಲ. ಒಳಗೆ ಎಟಿಪಿ ಇದ್ದರೆ ಸಾಕು. ಎಟಿಪಿ ಎಲ್ಲ ಕೋಶದಲ್ಲೂ ಯಾವಾಗಲೂ ಇದ್ದೇ ಇರುತ್ತದೆ. ಮುಂದೆ ಮಾತ್ರೆಯ ವಿಷಯಕ್ಕೆ ಬಂದಾಗ ಈ ಕರೆಂಟಿನ ಮಾತು ನೆನಪಿರಲಿ.

ಹೀಗೆ ನಿಲ್ಲದೆ ಹೊರಡುವ ಸಂಕೇತ ಮುಖ್ಯವಾಗಿ ಮೂರು ದಾರಿಯಲ್ಲಿ ಹೋಗುತ್ತದೆ. ಒಂದು ರಾಸ್, ರಾಫ್, ಮೆಕ್, ಅರ್ಕ್ ಎಂಬ ಪ್ರೋಟೀನುಗಳ ಸಾಲು. ಇದು ಕೋಶವನ್ನು ಇಬ್ಭಾಗವಾಗಲು ದೂಡುತ್ತದೆ. ಎರಡನೆಯದು ಪಿಐ3ಕೆ, ಎಕೆಟಿ, ಎಂಟಾರ್ ಸಾಲು. ಇದು ಕೋಶ ಸಾಯದಂತೆ ನೋಡಿಕೊಳ್ಳುತ್ತದೆ, ಸಕ್ಕರೆ ಎಳೆದುಕೊಳ್ಳಲು ಹೇಳುತ್ತದೆ. ಮೂರನೆಯದು ಸ್ಟಾಟ್ ಪ್ರೋಟೀನುಗಳ ದಾರಿ. ಅದು ನೇರ ಕೋಶಕೇಂದ್ರಕ್ಕೆ ಹೋಗುತ್ತದೆ. ಈ ದಾರಿಗಳು ಬೇರೆ ಎಷ್ಟೋ ಕ್ಯಾನ್ಸರ್‌ಗಳಲ್ಲೂ ಇವೆ. ಜಿಸ್ಟ್‌ನಲ್ಲಿ ನನಗೆ ಬಹಳ ಮುಖ್ಯ ಎನಿಸುವುದು ಇನ್ನೊಂದು ಸಂಗತಿ, ಇಟಿವಿ1 ಎಂಬ ಪ್ರೋಟೀನಿನದು.

ಕಿಟ್ ಬರೀ ಕಾಹಾಲ್ ಕೋಶಗಳಲ್ಲಿ ಇರುವುದಲ್ಲ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿದೆ, ರಕ್ತದ ಮೂಲಕೋಶಗಳಲ್ಲಿದೆ, ಅಲರ್ಜಿಗೆ ಸಂಬಂಧಿಸಿದ ಮಾಸ್ಟ್ ಕೋಶಗಳಲ್ಲಿದೆ. ಹುಟ್ಟಿನಿಂದ ಈ ಜೀನಿನ ಒಂದು ಪ್ರತಿ ಕೆಲಸ ಮಾಡದಿದ್ದರೆ ಹಣೆಯ ಮೇಲೆ ಒಂದು ಬಿಳಿ ಕೂದಲಿನ ಕುಚ್ಚು, ಮೈಮೇಲೆ ಬಿಳಿ ಮಚ್ಚೆಗಳು ಬರುತ್ತವೆ. ಅಂದರೆ ಕೆಲಸ ಕಮ್ಮಿಯಾದರೆ ಒಂದು ತೊಂದರೆ, ಹೆಚ್ಚಾದರೆ ಇನ್ನೊಂದು. ಹಾಗಾದರೆ ಎಕ್ಸಾನ್ 11 ಕೆಟ್ಟಾಗ ಗಡ್ಡೆ ಕರುಳಿನ ಈ ಕೋಶದಲ್ಲೇ ಯಾಕೆ ಬರುತ್ತದೆ? 2010ರಲ್ಲಿ ಅಮೆರಿಕದ ಸಂಶೋಧಕರು ಇದಕ್ಕೆ ಒಳ್ಳೆಯ ಉತ್ತರ ಕೊಟ್ಟರು. ಕಾಹಾಲ್ ಕೋಶಗಳಲ್ಲಿ ಇಟಿವಿ1 ಮೊದಲಿನಿಂದಲೇ ಇರುತ್ತದೆ. ಆ ಕೋಶ ಆ ಕೋಶವಾಗಿ ಉಳಿಯಲು ಅದು ಬೇಕು. ಸಾಮಾನ್ಯವಾಗಿ ಅದು ತಯಾರಾದಷ್ಟೇ ಬೇಗ ಒಡೆದು ಹೋಗುತ್ತದೆ. ಕಿಟ್‌ನಿಂದ ಅರ್ಕ್ ದಾರಿಯಲ್ಲಿ ಸಂಕೇತ ನಿಲ್ಲದೆ ಬರುತ್ತಿದ್ದರೆ ಇಟಿವಿ1 ಒಡೆಯುವುದು ತಪ್ಪುತ್ತದೆ. ಕೋಶದಲ್ಲಿ ಅದು ರಾಶಿ ಬೀಳುತ್ತದೆ. ಗಡ್ಡೆ ಬೆಳೆಸುವ ಜೀನುಗಳನ್ನು ಎಬ್ಬಿಸುತ್ತದೆ. ಆ ಜೀನುಗಳಲ್ಲಿ ಕಿಟ್ ಕೂಡ ಒಂದು ಎಂದು ಆಮೇಲೆ ಗೊತ್ತಾಯಿತು. ಕಿಟ್ ಇಟಿವಿ1 ಅನ್ನು ಉಳಿಸುತ್ತದೆ, ಇಟಿವಿ1 ಇನ್ನಷ್ಟು ಕಿಟ್ ತಯಾರಿಸುತ್ತದೆ. ಸುತ್ತು ಮುಗಿಯುವುದೇ ಇಲ್ಲ. ಗಡ್ಡೆ ಒಂದೇ ಪ್ರೋಟೀನಿನ ಮೇಲೆ ಇಷ್ಟು ಆತುಕೊಂಡಿರುವುದು ಅದರ ಬಲವೂ ಹೌದು, ಅದರ ದೊಡ್ಡ ದೌರ್ಬಲ್ಯವೂ ಹೌದು. ಚಿಕಿತ್ಸೆ ಇಡೀ ನಿಂತಿರುವುದು ಆ ದೌರ್ಬಲ್ಯದ ಮೇಲೆ.

‘ಒಂದೇ ಜೀನಾ?’ ಎಂದು ಕೇಳಿದ್ದೀರಿ. ಶುರು ಮಾಡುವುದು ಒಂದೇ ಜೀನು. ಇಷ್ಟು ದೊಡ್ಡದಾಗಿ ಲಿವರ್‌ಗೆ ಹರಡಲು ಅದೊಂದೇ ಸಾಲದು. ಜಪಾನಿನಲ್ಲಿ ಬೇರೆ ಕಾರಣಕ್ಕೆ ತೆಗೆದ ಜಠರಗಳನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮೂರರಲ್ಲಿ ಒಂದಕ್ಕೂ ಹೆಚ್ಚು ಜಠರಗಳಲ್ಲಿ ಕೆಲವೇ ಮಿಲಿಮೀಟರಿನ ಜಿಸ್ಟ್‌ಗಳು ಸಿಕ್ಕವು. ಅಂಥ ಪುಟಾಣಿ ಗಡ್ಡೆಗಳಲ್ಲೂ ಕಿಟ್ ದೋಷ ಇರುತ್ತದೆ. ಆದರೂ ಅವು ಜೀವನ ಪೂರ್ತಿ ಸುಮ್ನೆ ಕೂತಿರುತ್ತವೆ. ಗಡ್ಡೆ ಮುಂದೆ ಹೋಗಬೇಕಾದರೆ 14 ಮತ್ತು 22ನೇ ಕ್ರೋಮೋಸೋಮಿನ ಭಾಗಗಳು ಕಳೆದುಹೋಗುವುದು, ಕೋಶ ಇಬ್ಭಾಗವಾಗುವುದನ್ನು ತಡೆಯುವ ಜೀನುಗಳು ಕೆಡುವುದು, ಇಂಥ ಇನ್ನಷ್ಟು ಪೆಟ್ಟುಗಳು ಬೀಳಬೇಕು. ಇದಕ್ಕೆಲ್ಲ ವರ್ಷಗಳು ಹಿಡಿಯುತ್ತವೆ. ನಿಮ್ಮ ತಂದೆ ಏನು ತಿಂದರು, ಏನು ಮಾಡಿದರು ಎಂದು ಹುಡುಕುತ್ತಾ ಕೂರಬೇಡಿ. ಕೋಶ ಇಬ್ಭಾಗವಾಗುವಾಗ ಆದ ಒಂದು ನಕಲಿನ ತಪ್ಪು ಇದು. ಇದರಲ್ಲಿ ಅವರ ತಪ್ಪಿಲ್ಲ.

ಜಿಸ್ಟ್‌ಗೆ ಕಾರಣ ಕಿಟ್ ದೋಷ ಎಂದು 1998ರವರೆಗೂ ಗೊತ್ತಿರಲಿಲ್ಲ. ಜಿಸ್ಟ್ ಎಂಬ ಹೆಸರು 1983ರಲ್ಲೇ ಬಂದಿತ್ತು. ಆದರೂ ಹೆಚ್ಚಿನ ರಿಪೋರ್ಟುಗಳಲ್ಲಿ ಸ್ನಾಯುವಿನ ಗಡ್ಡೆ ಎಂದೇ ಬರೆಯುತ್ತಿದ್ದರು. 1998ರಲ್ಲಿ ಜಪಾನಿನ ಒಸಾಕಾದ ಸೆಯಿಚಿ ಹಿರೋಟಾ ಮತ್ತು ಅವರ ಜೊತೆಗಾರರು ಈ ಗಡ್ಡೆಗಳಲ್ಲಿ ಕಿಟ್ ದೋಷವನ್ನು ತೋರಿಸಿದರು. ಹಾಗೆ ಕೆಟ್ಟ ಕಿಟ್ ಹೊರಗಿನ ಪ್ರೋಟೀನಿಲ್ಲದೆಯೇ ಎಚ್ಚರವಾಗಿರುತ್ತದೆ ಎಂದೂ ತೋರಿಸಿದರು. ಅದೇ ಹೊತ್ತಿಗೆ ಒಂದು ಬಗೆಯ ರಕ್ತದ ಕ್ಯಾನ್ಸರ್‌ಗೆಂದು ತಯಾರಾದ ಇಮ್ಯಾಟಿನಿಬ್ ಪ್ರಯೋಗದ ಹಂತದಲ್ಲಿತ್ತು. ಅದು ಕಿಟ್ ಅನ್ನೂ ತಡೆಯುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡಿತ್ತು. 2000ದ ಮಾರ್ಚ್‌ನಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಡಾ. ಹೈಕಿ ಯೊಯೆನ್‌ಸೂ ಅವರ ತಂಡ ಒಬ್ಬ ಮಹಿಳೆಗೆ ಈ ಮಾತ್ರೆ ಕೊಟ್ಟಿತು. ಜಗತ್ತಿನಲ್ಲಿ ಜಿಸ್ಟ್‌ಗೆ ಇದನ್ನು ತೆಗೆದುಕೊಂಡವರಲ್ಲಿ ಅವರೇ ಮೊದಲಿಗರು. ಲಿವರ್‌ಗೆಲ್ಲ ಹರಡಿದ್ದ ಅವರ ಗಡ್ಡೆಗಳು ಕೆಲವೇ ವಾರಗಳಲ್ಲಿ ಕುಗ್ಗತೊಡಗಿದವು. 2002ರ ಫೆಬ್ರವರಿಗೆ ಅಮೆರಿಕದಲ್ಲಿ ಜಿಸ್ಟ್‌ಗೆ ಈ ಔಷಧಿಯ ಒಪ್ಪಿಗೆ ಸಿಕ್ಕಿತು. ಗಡ್ಡೆಯ ಕಾರಣ ಗೊತ್ತಾದ ನಾಲ್ಕು ವರ್ಷದಲ್ಲಿ ಔಷಧಿ ಬಂದ ಉದಾಹರಣೆ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಹಳ ಕಮ್ಮಿ.

ಮೊದಲು ಹೇಗಿತ್ತು ಎಂದರೆ, ಹರಡಿದ ಜಿಸ್ಟ್‌ಗೆ ಕೀಮೋ ಹೆಚ್ಚುಕಡಿಮೆ ಏನೂ ಮಾಡುತ್ತಿರಲಿಲ್ಲ. ಅರ್ಧ ಜನ ಒಂದೂವರೆ ವರ್ಷದ ಆಸುಪಾಸಿನಲ್ಲಿ ತೀರಿಕೊಳ್ಳುತ್ತಿದ್ದರು. ಮಾತ್ರೆ ಬಂದ ಮೇಲೆ ಆ ಲೆಕ್ಕ ಐದು ವರ್ಷದ ಹತ್ತಿರಕ್ಕೆ ಬಂತು. ಆ ಕಾಲದ ದೊಡ್ಡ ಅಧ್ಯಯನವೊಂದರಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಹತ್ತು ವರ್ಷ ದಾಟಿದ್ದಾರೆ. ನಿಮ್ಮ ತಂದೆಗೆ ಕೀಮೋ ಕೊಡದೆ ಬರೀ ಮಾತ್ರೆ ಕೊಟ್ಟಿದ್ದು ಕೈಬಿಟ್ಟಿದ್ದರಿಂದಲ್ಲ. ಈ ಕಾಯಿಲೆಗೆ ಅದೇ ಸರಿಯಾದ ಮೊದಲ ಚಿಕಿತ್ಸೆ.

ಮಾತ್ರೆ ಮಾಡುವ ಕೆಲಸ ಇಷ್ಟು. ಕಿಟ್ ಒಳಗೆ ಎಟಿಪಿ ಬಂದು ಕೂರುವ ಒಂದು ಗುಳಿ ಇದೆ. ಇಮ್ಯಾಟಿನಿಬ್ ಹೋಗಿ ಆ ಗುಳಿಯಲ್ಲಿ ಕೂತುಬಿಡುತ್ತದೆ. ಎಟಿಪಿಗೆ ಜಾಗ ಇಲ್ಲ. ಕರೆಂಟಿನ ಫ್ಯೂಸ್ ಕಿತ್ತ ಹಾಗೆ. ಸ್ವಿಚ್ಚು ಆಟೋದಲ್ಲೇ ಇದೆ, ಆದರೆ ಮೋಟಾರಿಗೆ ಕರೆಂಟಿಲ್ಲ. ಫಾಸ್ಫೇಟ್ ಅಂಟುವುದಿಲ್ಲ, ಸಂಕೇತ ಹೊರಡುವುದಿಲ್ಲ. ಇಟಿವಿ1 ಮತ್ತೆ ಒಡೆಯತೊಡಗುತ್ತದೆ. ಗಡ್ಡೆಯ ಕೋಶಗಳು ಸಕ್ಕರೆ ಎಳೆಯುವುದನ್ನು ನಿಲ್ಲಿಸುತ್ತವೆ. ಕೋಶಗಳು ಎಷ್ಟು ಸಕ್ಕರೆ ಎಳೆಯುತ್ತಿವೆ ಎಂದು ತೋರಿಸುವ ಪೆಟ್ ಸ್ಕ್ಯಾನ್‌ನಲ್ಲಿ ಇದು ಮಾತ್ರೆ ಶುರುಮಾಡಿದ 24 ಗಂಟೆಯಲ್ಲೇ ಕಂಡಿದ್ದೂ ಇದೆ. ಹಿಂದಿನ ದಿನ ಬೆಂಕಿಯಂತೆ ಹೊಳೆಯುತ್ತಿದ್ದ ಗಡ್ಡೆ ಮರುದಿನ ಸುತ್ತಲಿನ ಅಂಗಾಂಶದಷ್ಟೇ ಮಂಕಾಗಿರುತ್ತದೆ. ಅಳತೆ ಮಾತ್ರ ಒಂದು ಚೂರೂ ಬದಲಾಗಿರುವುದಿಲ್ಲ.

ಇಲ್ಲಿಗೆ ನಿಮ್ಮ ಸ್ಕ್ಯಾನ್‌ನ ಪ್ರಶ್ನೆ ಬಂತು. ಸಂಕೇತ ನಿಂತ ಮೇಲೆ ಕೆಲವು ಕೋಶ ಸಾಯುತ್ತವೆ, ಕೆಲವು ನಿದ್ದೆ ಹೋಗುತ್ತವೆ. ಸತ್ತ ಜಾಗದಲ್ಲಿ ಲೋಳೆಯಂಥ ದ್ರವ ತುಂಬುತ್ತದೆ. ಕೆಲವೊಮ್ಮೆ ಒಳಗೆ ರಕ್ತ ಸ್ರಾವವೂ ಆಗುತ್ತದೆ. ಆಗ ಗಡ್ಡೆ ಊದಿಕೊಂಡು ಸ್ವಲ್ಪ ದೊಡ್ಡದಾಗಿಯೇ ಕಾಣಬಹುದು. ಟೇಪು ಹಿಡಿದು ಅಳೆದವರಿಗೆ ‘ಬೆಳೆದಿದೆ’ ಎನಿಸುತ್ತದೆ. ಆದರೆ ಸಿಟಿ ಚಿತ್ರವನ್ನು ಹತ್ತಿರದಿಂದ ನೋಡಿ. ಚಿಕಿತ್ಸೆಗೆ ಮೊದಲಿನ ಚಿತ್ರದಲ್ಲಿ ಗಡ್ಡೆ ಬೆಳ್ಳಗೆ, ಮಚ್ಚೆ ಮಚ್ಚೆಯಾಗಿ, ಒಳಗೆ ರಕ್ತನಾಳಗಳ ಗೆರೆಗಳೊಂದಿಗೆ ಇರುತ್ತದೆ. ಮಾತ್ರೆ ಹಿಡಿದ ಮೇಲೆ ಅದೇ ಗಡ್ಡೆ ಕಪ್ಪಗೆ, ನುಣ್ಣಗೆ, ನೀರು ತುಂಬಿದ ಚೀಲದಂತೆ ಕಾಣುತ್ತದೆ. ಒಳಗಿನ ಗೆರೆಗಳು ಮಾಯವಾಗಿರುತ್ತವೆ.

ಇದಕ್ಕೆಂದೇ ಜಿಸ್ಟ್‌ಗೆ ಬೇರೆ ಅಳತೆಗೋಲು ಇದೆ. ಚೋಯ್ ಮಾನದಂಡ ಎನ್ನುತ್ತೇವೆ. ಮಾಮೂಲಿ ಲೆಕ್ಕದಲ್ಲಿ ಗಡ್ಡೆ ಶೇ 30ರಷ್ಟು ಕುಗ್ಗಿದರೆ ಮಾತ್ರ ಔಷಧಿ ಹಿಡಿದಿದೆ ಎನ್ನುತ್ತಾರೆ. ಚೋಯ್ ಲೆಕ್ಕದಲ್ಲಿ ಅಳತೆ ಶೇ 10ರಷ್ಟು ಕಮ್ಮಿಯಾದರೂ ಸಾಕು, ಇಲ್ಲವೇ ಸಾಂದ್ರತೆ, ಅಂದರೆ ಸಿಟಿಯಲ್ಲಿ ಗಡ್ಡೆ ಎಷ್ಟು ಬೆಳ್ಳಗೆ ಕಾಣುತ್ತದೆ ಎಂಬ ಲೆಕ್ಕ, ಶೇ 15ರಷ್ಟು ಇಳಿದರೂ ಸಾಕು. ಇನ್ನೊಂದು ವಿಷಯ. ಲಿವರ್‌ನಲ್ಲಿ ಮೊದಲೇ ಇದ್ದ ಸಣ್ಣ ಗಡ್ಡೆಗಳು ಲಿವರ್‌ನ ಬಣ್ಣದಲ್ಲೇ ಬೆರೆತು ಕಾಣದೆ ಹೋಗಿರುತ್ತವೆ. ಮಾತ್ರೆ ಹಿಡಿದು ಅವು ಕಪ್ಪಾದಾಗ ಹೊಸದಾಗಿ ಹುಟ್ಟಿದ ಹಾಗೆ ತೋರುತ್ತವೆ. ಹೊಸ ಗಡ್ಡೆ ಬಂತು ಎಂದು ಗಾಬರಿಯಾಗಿ ಒಳ್ಳೆಯ ಔಷಧಿಯನ್ನು ಬಿಟ್ಟವರನ್ನು ನೋಡಿದ್ದೇನೆ. ಬಹಳ ಬೇಸರದ ಸಂಗತಿ ಅದು. ಹಾಗಾಗಿ ನಿಮ್ಮ ವೈದ್ಯರ ಬಳಿ ಎರಡು ಸ್ಕ್ಯಾನ್‌ಗಳ ಸಿ.ಡಿ.ಯನ್ನೂ ತೆಗೆದುಕೊಂಡು ಹೋಗಿ. ರಿಪೋರ್ಟಿನ ಕಾಗದ ಸಾಲದು. ‘ಸಾಂದ್ರತೆ ಎಷ್ಟಿತ್ತು, ಈಗ ಎಷ್ಟಿದೆ, ಚೋಯ್ ಪ್ರಕಾರ ಏನು ಹೇಳುತ್ತೀರಿ?’ ಎಂದು ನೇರವಾಗಿ ಕೇಳಿ. ಅನುಮಾನ ಉಳಿದರೆ ಪೆಟ್ ಸ್ಕ್ಯಾನ್ ಮಾಡಿಸಬಹುದು, ಅಥವಾ ಎರಡು ಮೂರು ತಿಂಗಳ ನಂತರ ಮತ್ತೆ ಸಿಟಿ. ಗಡ್ಡೆಯೊಳಗೆ ಹೊಸದಾಗಿ ಒಂದು ಬಿಳಿ ಗಂಟು ಎದ್ದಿದ್ದರೆ ಮಾತ್ರ ನಿಜಕ್ಕೂ ಚಿಂತೆ ಮಾಡಬೇಕು. ಅದು ಮಾತ್ರೆಗೆ ಬಗ್ಗದ ಕೋಶಗಳ ಗುರುತು ಇರಬಹುದು.

ಎಷ್ಟು ದಿನ ತೆಗೆದುಕೊಳ್ಳಬೇಕು? ಹರಡಿರುವ ಜಿಸ್ಟ್‌ಗೆ ಉತ್ತರ ಒಂದೇ: ಅದು ಕೆಲಸ ಮಾಡುವವರೆಗೂ, ದೇಹ ತಡೆದುಕೊಳ್ಳುವವರೆಗೂ, ಪ್ರತಿದಿನ. ನಿದ್ದೆ ಹೋದ ಕೋಶಗಳು ಸತ್ತಿಲ್ಲ. ಫ್ರಾನ್ಸಿನಲ್ಲಿ ಒಂದು ಅಧ್ಯಯನ ನಡೆಯಿತು. ಮಾತ್ರೆ ಚೆನ್ನಾಗಿ ಹಿಡಿದವರಲ್ಲಿ ಕೆಲವರಿಗೆ ಒಂದು ವರ್ಷದ ನಂತರ ಅದನ್ನು ನಿಲ್ಲಿಸಿ ನೋಡಿದರು. ಹೆಚ್ಚಿನವರಲ್ಲಿ ಗಡ್ಡೆ ಕೆಲವೇ ತಿಂಗಳಲ್ಲಿ ಮತ್ತೆ ಬೆಳೆಯಿತು. ಮತ್ತೆ ಮಾತ್ರೆ ಶುರುಮಾಡಿದಾಗ ಬಹುತೇಕರಲ್ಲಿ ಹತೋಟಿಗೆ ಬಂತು ನಿಜ. ಆದರೂ ಬೇಕೆಂದು ಆ ಅಪಾಯಕ್ಕೆ ಕೈಹಾಕಬಾರದು. ಹರಡದ ಗಡ್ಡೆಯನ್ನು ಪೂರ್ತಿ ತೆಗೆದವರ ವಿಷಯ ಬೇರೆ. ಅವರಲ್ಲಿ ಮರುಕಳಿಸುವ ಅಪಾಯ ಹೆಚ್ಚಿರುವವರಿಗೆ ಮೂರು ವರ್ಷ ಕೊಡುತ್ತೇವೆ. ಒಂದು ವರ್ಷಕ್ಕಿಂತ ಮೂರು ವರ್ಷ ಕೊಟ್ಟವರು ಹೆಚ್ಚು ಕಾಲ ಬದುಕಿದರು ಎಂದು 2012ರಲ್ಲಿ ಪ್ರಕಟವಾದ ಉತ್ತರ ಯುರೋಪಿನ ಅಧ್ಯಯನ ತೋರಿಸಿದೆ.

ನಿಮ್ಮ ರಿಪೋರ್ಟಿನಲ್ಲಿ ಎಕ್ಸಾನ್ ನಂಬರ್ ಇರುವುದು ನೋಡಿ ನನಗೆ ಖುಷಿಯಾಯಿತು. ಎಷ್ಟೋ ಸಲ ಗಡ್ಡೆಯ ತುಂಡಿಗೆ ಸಿಡಿ117 ಬಣ್ಣ ಹಚ್ಚಿ, ಕಿಟ್ ಪ್ರೋಟೀನು ಇದೆ ಎಂದು ಖಚಿತವಾದ ಕೂಡಲೇ ಮಾತ್ರೆ ಶುರುಮಾಡಿಬಿಡುತ್ತಾರೆ. ಜೀನಿನ ಪರೀಕ್ಷೆ ಆಗಿರುವುದೇ ಇಲ್ಲ. ಕಿಟ್ ಇದೆ ಎನ್ನುವುದು ಬೇರೆ, ಅದು ಎಲ್ಲಿ ಕೆಟ್ಟಿದೆ ಎನ್ನುವುದು ಬೇರೆ. ಎಕ್ಸಾನ್ 11 ಕೆಟ್ಟಿದ್ದರೆ 400 ಮಿ.ಗ್ರಾಂ.ಗೆ ಒಳ್ಳೆಯ ಫಲ ಸಿಗುತ್ತದೆ. ಎಕ್ಸಾನ್ 9 ಆದರೆ ಅಷ್ಟು ಸಾಲದು, ಅಂಥವರಿಗೆ 800 ಮಿ.ಗ್ರಾಂ.ವರೆಗೆ ಏರಿಸುತ್ತೇವೆ. ಇಂಥವು ಹೆಚ್ಚಾಗಿ ಸಣ್ಣ ಕರುಳಿನವು. ಇನ್ನು ಹತ್ತರಲ್ಲಿ ಒಬ್ಬರಲ್ಲಿ ಕಿಟ್ ಸರಿಯಾಗೇ ಇರುತ್ತದೆ, ಅದರ ನೆರೆಯ ಜೀನು ಪಿಡಿಜಿಎಫ್‌ಆರ್‌ಎ ಕೆಟ್ಟಿರುತ್ತದೆ. ಅದರಲ್ಲೂ ಡಿ842ವಿ ಎಂಬ ದೋಷ ಇದ್ದರೆ ಗುಳಿಯ ಆಕಾರವೇ ಬೇರೆಯಾಗಿರುತ್ತದೆ. ಇಮ್ಯಾಟಿನಿಬ್ ಅಲ್ಲಿ ಕೂರುವುದೇ ಇಲ್ಲ. ಅಂಥವರು ತಿಂಗಳುಗಟ್ಟಲೆ ಮಾತ್ರೆ ನುಂಗಿದರೂ ಪ್ರಯೋಜನ ಇಲ್ಲ. ಅವರಿಗೆಂದೇ ಅವಾಪ್ರಿಟಿನಿಬ್ ಎಂಬ ಔಷಧಿಗೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮಕ್ಕಳಲ್ಲಿ, ಹರೆಯದವರಲ್ಲಿ ಬರುವ ಜಿಸ್ಟ್ ಸಾಮಾನ್ಯವಾಗಿ ಇನ್ನೂ ಬೇರೆ ಜಾತಿಯದು. ಅಲ್ಲಿ ಕೆಡುವುದು ಕೋಶದ ಶಕ್ತಿ ತಯಾರಿಕೆಗೆ ಸಂಬಂಧಿಸಿದ ಎಸ್‌ಡಿಎಚ್ ಜೀನುಗಳು. ಮನೆಯಲ್ಲಿ ಯಾರಿಗಾದರೂ ಜಿಸ್ಟ್ ಇದ್ದು ಈ ಪರೀಕ್ಷೆ ಆಗಿಲ್ಲದಿದ್ದರೆ, ಪ್ಯಾರಾಫಿನ್ ಬ್ಲಾಕ್ ಎಂದು ಕರೆಯುವ ಮೇಣದ ತುಂಡನ್ನು ಆಸ್ಪತ್ರೆಯಿಂದ ಪಡೆದು ಮಾಡಿಸಿ. ಹಳೆಯ ಬ್ಲಾಕ್ ಆದರೂ ನಡೆಯುತ್ತದೆ, ಮತ್ತೆ ಸೂಜಿ ಚುಚ್ಚಬೇಕಿಲ್ಲ.

ಮಾತ್ರೆ ಎಲ್ಲರಿಗೂ ಕೊನೆಯವರೆಗೂ ಹಿಡಿಯುವುದಿಲ್ಲ. ಇದನ್ನು ಮುಚ್ಚಿಡುವುದು ಸರಿಯಲ್ಲ. ಸುಮಾರು ಅರ್ಧ ಜನರಲ್ಲಿ ಎರಡು ವರ್ಷದ ಆಸುಪಾಸಿನಲ್ಲಿ ಗಡ್ಡೆಯ ಕೆಲವು ಕೋಶಗಳು ಬಗ್ಗದಂತಾಗುತ್ತವೆ. ಕಾರಣ ಹೆಚ್ಚಿನ ಸಲ ಅದೇ ಕಿಟ್ ಜೀನಿನಲ್ಲಿ ಬರುವ ಎರಡನೇ ದೋಷ. ಎಕ್ಸಾನ್ 13 ಅಥವಾ 14 ಕೆಟ್ಟರೆ ಎಟಿಪಿಯ ಗುಳಿ ಬದಲಾಗುತ್ತದೆ. ಎಕ್ಸಾನ್ 17 ಕೆಟ್ಟರೆ ಯಂತ್ರ ಸದಾ ತೆರೆದೇ ಇರುತ್ತದೆ. ಇಮ್ಯಾಟಿನಿಬ್ ಕೂರುವುದು ನಿದ್ದೆಯ ಆಕಾರದಲ್ಲಿರುವ ಕಿಟ್ ಒಳಗೆ ಮಾತ್ರ, ಆದ್ದರಿಂದ ಅದಕ್ಕೆ ಅಲ್ಲಿ ಜಾಗ ಸಿಗುವುದಿಲ್ಲ. ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಇಷ್ಟಾದರೂ ಗಡ್ಡೆ ಸಾಮಾನ್ಯವಾಗಿ ಕಿಟ್ ಅನ್ನು ಬಿಟ್ಟು ಬೇರೆ ದಾರಿ ಹಿಡಿಯುವುದಿಲ್ಲ. ಅದಕ್ಕೆ ಬೇಕಾಗಿರುವುದು ಅದೇ ಸಂಕೇತ. ಹಾಗಾಗಿ ಮುಂದಿನ ಔಷಧಿಗಳ ಮುಖ್ಯ ಗುರಿಯೂ ಕಿಟ್ ಆಗಿಯೇ ಉಳಿಯುತ್ತದೆ. ಮೊದಲು ಸುನಿಟಿನಿಬ್, ಆಮೇಲೆ ರೆಗೊರಾಫೆನಿಬ್, ನಂತರ ರಿಪ್ರೆಟಿನಿಬ್. ಹರಡಿದ ಗಡ್ಡೆಗಳಲ್ಲಿ ಒಂದೆರಡು ಮಾತ್ರ ಬೆಳೆಯುತ್ತಿದ್ದರೆ ಅವನ್ನಷ್ಟೇ ಶಸ್ತ್ರಚಿಕಿತ್ಸೆಯಲ್ಲಿ ತೆಗೆದು ಅದೇ ಮಾತ್ರೆ ಮುಂದುವರಿಸುವುದೂ ಉಂಟು. ನಿಮ್ಮ ತಂದೆಗೆ ಎರಡನೇ ಸಾಲಿನ ಔಷಧಿ ಬೇಕಾಗುವ ದಿನ ಬರಬಹುದು. ಆದರೆ ಮೂರು ತಿಂಗಳ ಒಂದು ಸ್ಕ್ಯಾನ್ ನೋಡಿ ಆ ನಿರ್ಧಾರಕ್ಕೆ ಬರಬೇಡಿ. ಮೊದಲ ಮಾತ್ರೆಯಿಂದ ಸಿಗುವಷ್ಟು ಕಾಲ ಮುಂದಿನವುಗಳಿಂದ ಸಾಮಾನ್ಯವಾಗಿ ಸಿಗುವುದಿಲ್ಲ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಪ್ರತಿದಿನ ನುಂಗಬೇಕಾದ ಮಾತ್ರೆ ಕೈಗೆಟುಕದಿದ್ದರೆ ಈ ವಿಜ್ಞಾನವೆಲ್ಲ ಇದ್ದೂ ಏನು ಬಂತು? 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಈ ಔಷಧಿಯ ಹೊಸ ಹರಳು ರೂಪಕ್ಕೆ ಪೇಟೆಂಟ್ ಕೊಡಲಾಗದು ಎಂದು ನೋವಾರ್ಟಿಸ್ ಕಂಪನಿಯ ಅರ್ಜಿಯನ್ನು ತಳ್ಳಿಹಾಕಿತು. ಆಗ ಕಂಪನಿಯ ಮಾತ್ರೆಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಇತ್ತು. ನಮ್ಮ ದೇಶದಲ್ಲೇ ತಯಾರಾಗುವ ಜೆನೆರಿಕ್ ಮಾತ್ರೆಗೆ ಆಗ 8ರಿಂದ 10 ಸಾವಿರ ಇತ್ತು. ಇವತ್ತು ಇಮ್ಯಾಟಿನಿಬ್ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ದುಡ್ಡಿಲ್ಲ ಎಂದು ದಿನ ಬಿಟ್ಟು ದಿನ ನುಂಗುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ರಕ್ತದಲ್ಲಿ ಔಷಧಿ ಕಮ್ಮಿಯಾದರೆ ಎಟಿಪಿ ಮತ್ತೆ ಗುಳಿಗೆ ಬಂದು ಕೂರುತ್ತದೆ. ಕಷ್ಟವಿದ್ದರೆ ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಆಸ್ಪತ್ರೆಯ ಸಮಾಜಸೇವಾ ವಿಭಾಗದವರನ್ನು ಕಾಣಿ, ಸರ್ಕಾರದ ಆರೋಗ್ಯ ಯೋಜನೆಯಲ್ಲಿ ಏನು ಸಿಗುತ್ತದೆ ಎಂದು ಕೇಳಿ.

‘ಬೇರೆ ಔಷಧಿ’ ಎಂದು ಬರೆದಿದ್ದೀರಿ. ನಾಟಿ ಔಷಧಿ ಇರಬಹುದು ಎಂದುಕೊಳ್ಳುತ್ತೇನೆ. ಮನೆಯವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಇಮ್ಯಾಟಿನಿಬ್ ಅನ್ನು ದೇಹ ಕರಗಿಸುವುದು ಲಿವರ್‌ನ ಒಂದು ಕಿಣ್ವದ ಮೂಲಕ. ಆ ಕಿಣ್ವವನ್ನು ಜೋರು ಮಾಡುವ ವಸ್ತು ಹೊಟ್ಟೆಗೆ ಹೋದರೆ ಔಷಧಿ ಬೇಗ ಕರಗಿ ಗಡ್ಡೆಗೆ ಸಾಲದೆ ಹೋಗುತ್ತದೆ. ತಡೆಯುವ ವಸ್ತು ಹೋದರೆ ಔಷಧಿ ಮೈಯಲ್ಲಿ ಉಳಿದು ತೊಂದರೆ ಜಾಸ್ತಿಯಾಗುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಮೊದಲನೇ ಬಗೆಯವು. ಫಂಗಸ್‌ಗೆ ಕೊಡುವ ಕೀಟೊಕೊನಜೋಲ್ ಎರಡನೇ ಬಗೆಯದು. ಹಣ್ಣುಗಳಲ್ಲಿ ಗ್ರೇಪ್‌ಫ್ರೂಟ್ ಬೇಡ ಎಂದು ಮಾತ್ರೆಯ ಜೊತೆಗಿನ ಚೀಟಿಯಲ್ಲಿ ಬರೆದಿರುತ್ತದೆ. ನಮ್ಮ ಕಡೆ ಅದನ್ನು ತಿನ್ನುವವರು ಕಮ್ಮಿ. ಆದರೆ ದೇವನಹಳ್ಳಿಯ ಚಕ್ಕೋತ ಗ್ರೇಪ್‌ಫ್ರೂಟಿಗೆ ಹತ್ತಿರದ ನೆಂಟ. ಕಿಣ್ವವನ್ನು ತಡೆಯುವ ಅದೇ ಬಗೆಯ ಅಂಶ ಚಕ್ಕೋತದಲ್ಲೂ ಇದೆ. ಅದನ್ನು ಚೀಟಿಯಲ್ಲಿ ಬರೆದಿರುವುದಿಲ್ಲ. ಮಾತ್ರೆ ನಡೆಯುತ್ತಿರುವಷ್ಟು ದಿನ ನಿಮ್ಮ ತಂದೆ ಚಕ್ಕೋತ ತಿನ್ನದಿರಲಿ. ಏನೇ ಹೊಸ ಔಷಧಿ ಶುರುಮಾಡುವ ಮೊದಲು ವೈದ್ಯರಿಗೆ ತಿಳಿಸಿ.

ಮಾತ್ರೆಯನ್ನು ಊಟದ ಜೊತೆ, ದೊಡ್ಡ ಲೋಟದ ತುಂಬ ನೀರು ಕುಡಿದು ನುಂಗಬೇಕು. ಬರಿಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರುತ್ತದೆ. ಬೆಳಗ್ಗೆ ಎದ್ದಾಗ ಕಣ್ಣಿನ ಸುತ್ತ ಊತ, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ಭೇದಿ, ಸುಸ್ತು ಇವು ಸಾಮಾನ್ಯ. ಮೈಬಣ್ಣ ತಿಳಿಯಾಗುವುದೂ ಉಂಟು. ಚರ್ಮದ ಬಣ್ಣದ ಕೋಶಗಳಿಗೂ ಕಿಟ್ ಬೇಕು ಎಂದೆನಲ್ಲ, ಅದಕ್ಕೇ. ಇದ್ಯಾವುದಕ್ಕೂ ನೀವಾಗಿಯೇ ಮಾತ್ರೆ ಬಿಡಬೇಕಿಲ್ಲ. ಮಲ ಟಾರಿನಂತೆ ಕಪ್ಪಗೆ ಹೋದರೆ, ಹೊಟ್ಟೆ ಏಕಾಏಕಿ ಬಿಗಿದು ನೋವು ಬಂದರೆ, ತಲೆಸುತ್ತು ಬಂದು ಬಿದ್ದರೆ ಮಾತ್ರ ಕಾಯಬೇಡಿ. ಗಡ್ಡೆಯಲ್ಲಿ ರಕ್ತ ಸ್ರಾವ ಆಗುತ್ತಿರಬಹುದು. ಆಗ ನೇರ ತುರ್ತು ಚಿಕಿತ್ಸೆಗೆ ಹೋಗಿ.

ಕೊನೆಯದಾಗಿ ನಿಮ್ಮ ವಿಷಯ. ಹೆಚ್ಚುಕಡಿಮೆ ಎಲ್ಲ ಜಿಸ್ಟ್‌ಗಳಲ್ಲೂ ಈ ದೋಷ ಗಡ್ಡೆಯಲ್ಲಿ ಮಾತ್ರ ಇರುತ್ತದೆ. ತಂದೆಯ ರಕ್ತದಲ್ಲಾಗಲಿ, ವೀರ್ಯದಲ್ಲಾಗಲಿ ಇರುವುದಿಲ್ಲ. ಹಾಗಾಗಿ ಮಕ್ಕಳಿಗೆ ದಾಟುವ ಪ್ರಶ್ನೆಯೇ ಇಲ್ಲ. ಹುಟ್ಟಿನಿಂದ ಮೈಯ ಎಲ್ಲ ಕೋಶಗಳಲ್ಲೂ ಕಿಟ್ ದೋಷ ಇರುವ ಕುಟುಂಬಗಳು ಇವೆ, ಆದರೆ ತುಂಬಾ ವಿರಳ. ಅಂಥ ಮೊದಲ ಕುಟುಂಬದ ವಿವರ 1998ರಲ್ಲಿ ಜಪಾನಿನಿಂದಲೇ ಬಂತು. ಅವರಲ್ಲಿ ಒಬ್ಬರಿಗೇ ಹಲವು ಜಿಸ್ಟ್‌ಗಳಿರುತ್ತವೆ, ಚಿಕ್ಕ ವಯಸ್ಸಿನಲ್ಲೇ ಬರುತ್ತವೆ, ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಇರುತ್ತದೆ. ಚರ್ಮದಲ್ಲಿ ಕಪ್ಪು ಮಚ್ಚೆಗಳಿರುವುದೂ ಉಂಟು. ನಿಮ್ಮ ತಂದೆಗೆ 58, ಜಠರದಲ್ಲಿ ಹುಟ್ಟಿದ್ದು ಒಂದೇ ಗಡ್ಡೆ. ಅಜ್ಜ, ಅಜ್ಜಿ, ದೊಡ್ಡಪ್ಪ, ಅತ್ತೆಯರಲ್ಲಿ ಯಾರಿಗೂ ಇಂಥದ್ದು ಆಗಿಲ್ಲದಿದ್ದರೆ ನೀವು ಪರೀಕ್ಷೆ ಮಾಡಿಸಬೇಕಿಲ್ಲ. ಯಾರಿಗಾದರೂ ಕರುಳಿನ ಗಡ್ಡೆ ಆಗಿದ್ದು ಗೊತ್ತಿದ್ದರೆ, ಮೊದಲು ತಂದೆಯ ರಕ್ತದಲ್ಲಿ ಅದೇ ಎಕ್ಸಾನ್ 11 ದೋಷ ಇದೆಯೇ ಎಂದು ನೋಡಿಸಿ. ಅಲ್ಲಿ ಇಲ್ಲ ಎಂದಾದರೆ ನಿಮ್ಮ ಪರೀಕ್ಷೆಯ ಮಾತು ಅಲ್ಲಿಗೆ ಮುಗಿಯಿತು.